ಒಳಗೋಡೆಯಿಂದಲೇ ಮನೆಯ ಥಂಡಿ ಹಿಡಿತಕ್ಕೆ ತರುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಗಿ ತಿಂಗಳಾಗುವಷ್ಟರಲ್ಲಿ ಬೀರುವಿನ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆ ಏಳುತ್ತವೆ. ರೇಷ್ಮೆ ಸೀರೆಗೆ ಮುಗ್ಗಲು ವಾಸನೆ. ಉಪ್ಪಿನ ಡಬ್ಬಿಯೊಳಗೆ ನೀರು. ಪೇಂಟರ್‌ಗೆ ತೋರಿಸಿದರೆ "ವಾಟರ್‌ಪ್ರೂಫ್ ಪೇಂಟ್ ಹೊಡೆಸಿಬಿಡಿ ಸಾರ್" ಅನ್ನುತ್ತಾರೆ. ಮಳೆ ಬಡಿಯುವ ಹೊರಗೋಡೆಗೆ ಅದು ಸರಿಯಾದ ಮಾತೇ. ಆದರೆ ಒಳಗೋಡೆಗೂ ಅದನ್ನೇ ಬಳಿದರೆ ಎಷ್ಟೋ ಸಲ ಕಾಟ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಮಣ್ಣು, ಸುಣ್ಣ, ಮರ ಇವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಕೋಣೆಯ ಗಾಳಿಯಲ್ಲಿ ತೇವ ಏರಿದಾಗ ಆವಿ ಅವುಗಳೊಳಗೆ ಹೋಗಿ ಕೂರುತ್ತದೆ. ಗಾಳಿ ಒಣಗಿದಾಗ ಮತ್ತೆ ಹೊರಗೆ ಬರುತ್ತದೆ. ಗೋಡೆ ತೇವವನ್ನು ನುಂಗಿ ಮುಗಿಸುವುದಿಲ್ಲ, ಕೈಗಡ ತೆಗೆದುಕೊಳ್ಳುತ್ತದೆ ಅಷ್ಟೇ. ವಾಪಸ್ ಕೊಡುವುದಕ್ಕೆ ದಿನದಲ್ಲಿ ಒಂದಿಷ್ಟು ಒಣ ಹೊತ್ತು ಬೇಕೇ ಬೇಕು. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭ.

ಲೆಕ್ಕ ಹಾಕಿ ನೋಡೋಣ

ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆ, ಎತ್ತರವೂ ಹತ್ತು ಅಡಿ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 34 ಘನ ಮೀಟರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ಆವಿ ಹಿಡಿದುಕೊಳ್ಳುತ್ತದೆ. ಅಂದರೆ ಇಡೀ ಕೋಣೆಯ ಗಾಳಿಗೆ ಮುಕ್ಕಾಲು ಲೀಟರ್ ನೀರಿಗಿಂತ ಸ್ವಲ್ಪ ಜಾಸ್ತಿ ಆವಿ ಹಿಡಿಯುವ ಶಕ್ತಿ. ಗಾಳಿ ಹೀಗೆ ಪೂರ್ತಿ ತುಂಬಿದರೆ ತೇವಾಂಶ ಶೇ. 100 ಅನ್ನುತ್ತಾರೆ. ತೇವಾಂಶ ಶೇ. 1 ಏರಬೇಕಾದರೆ 8 ಗ್ರಾಂ ಆವಿ ಸಾಕು.

ಈಗ ಆ ಕೋಣೆಯಲ್ಲಿ ಇಬ್ಬರು ಮಲಗುತ್ತಾರೆ. ಉಸಿರು, ಬೆವರು ಸೇರಿ ಒಬ್ಬರಿಂದ ಗಂಟೆಗೆ ಸುಮಾರು 40 ಗ್ರಾಂ ಅಂತ ಇಟ್ಟುಕೊಳ್ಳಿ. ಎಂಟು ಗಂಟೆಗೆ ಇಬ್ಬರದೂ ಸೇರಿ 640 ಗ್ರಾಂ. ಶೇ. 60ರಲ್ಲಿ ಶುರುವಾದ ಕೋಣೆಗೆ ಇನ್ನು 310 ಗ್ರಾಂ ಹಿಡಿಯುವಷ್ಟೇ ಜಾಗ. ಕಿಟಕಿ ಭದ್ರವಾಗಿ ಮುಚ್ಚಿದ್ದು, ಗೋಡೆ ಏನನ್ನೂ ತೆಗೆದುಕೊಳ್ಳದಿದ್ದರೆ ಅರ್ಧ ರಾತ್ರಿಗೇ ಗಾಳಿ ತುಂಬಿಹೋಗುತ್ತದೆ. ಕಿಟಕಿಯ ಗಾಜಿನ ಮೇಲೆ ಬೆಳಿಗ್ಗೆ ಕಾಣುವ ಹನಿ ಇದೇ.

ಗೋಡೆಯ ಶಕ್ತಿ ಅಳೆಯುವುದಕ್ಕೂ ಒಂದು ಅಳತೆ ಇದೆ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಕಾರ್ಸ್ಟನ್ ರೋಡೆ ಮತ್ತು ಸಂಗಡಿಗರು 2005ರಲ್ಲಿ ನಾರ್ಡಿಕ್ ದೇಶಗಳ ನಾರ್ಡ್‌ಟೆಸ್ಟ್ ಯೋಜನೆಯಡಿ ಇದನ್ನು ಗೊತ್ತುಮಾಡಿದರು. ಹೆಸರು ಮಾಯಿಶ್ಚರ್ ಬಫರ್ ವ್ಯಾಲ್ಯೂ, ಅಂದರೆ ತೇವ ಹಿಡಿದು ಬಿಡುವ ಶಕ್ತಿಯ ಅಂಕಿ. ಸಾಮಾನಿನ ತುಂಡನ್ನು ಎಂಟು ಗಂಟೆ ಶೇ. 75 ತೇವಾಂಶದಲ್ಲಿ, ಹದಿನಾರು ಗಂಟೆ ಶೇ. 33ರಲ್ಲಿ ಇಟ್ಟು ತೂಕ ನೋಡುತ್ತಾರೆ. ಒಂದು ಚದರ ಮೀಟರ್ ಮೇಲ್ಮೈ, ಶೇ. 1 ಏರಿಳಿತಕ್ಕೆ ಎಷ್ಟು ಗ್ರಾಂ ತೆಗೆದುಕೊಂಡು ಬಿಟ್ಟಿತು ಅನ್ನುವುದೇ ಲೆಕ್ಕ. 0.2ಕ್ಕಿಂತ ಕಡಿಮೆ ಬಂದರೆ ಇದ್ದೂ ಇಲ್ಲದ ಹಾಗೆ. 1ರಿಂದ 2 ಅಂದರೆ ಚೆನ್ನಾಗಿದೆ. 2 ದಾಟಿದರೆ ಅತ್ಯುತ್ತಮ.

ಕಾಂಕ್ರೀಟ್ 0.4ರ ಆಸುಪಾಸು. ಜಿಪ್ಸಂ 0.6ರ ಹತ್ತಿರ. ಬಣ್ಣ ಬಳಿಯದ ಸ್ಪ್ರೂಸ್ ಮರದ ಹಲಗೆ 1.2ರಷ್ಟು. ಮಣ್ಣಿನ ಗಿಲಾವು ಮಣ್ಣಿನ ಗುಣ ನೋಡಿಕೊಂಡು 1ರಿಂದ 2ರ ಮೇಲೂ ಹೋಗುತ್ತದೆ. ನಮ್ಮ ಕೋಣೆಯಲ್ಲಿ ಬಾಗಿಲು ಕಿಟಕಿ ಕಳೆದರೆ 35 ಚದರ ಮೀಟರ್ ಗೋಡೆ ಉಳಿಯುತ್ತದೆ. ಮಣ್ಣಿಗೆ 1.5 ಅಂತ ಹಿಡಿದರೂ ಶೇ. 1ಕ್ಕೆ 50 ಗ್ರಾಂಗಿಂತ ಜಾಸ್ತಿ. ಅಂದರೆ ಕೋಣೆಯ ಗಾಳಿ ಹಿಡಿಯುವುದರ ಆರು ಪಟ್ಟಿಗೂ ಮೇಲೆ! ಅದೇ 640 ಗ್ರಾಂ ಆವಿಗೆ ಈ ಕೋಣೆ ಶೇ. 60ರಿಂದ 71ರ ಹತ್ತಿರ ಹೋಗಿ ನಿಲ್ಲುತ್ತದೆ. ಇದು ಅಂದಾಜು ಲೆಕ್ಕ. ಆದರೂ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಯಿತಲ್ವಾ?

ಹಂತ 1: ಮೊದಲು ಅಳೆಯಿರಿ

"ಥಂಡಿ ಅನ್ನಿಸುತ್ತಿದೆ" ಅನ್ನುವುದನ್ನು ನಂಬಿ ಗೋಡೆ ಕೀಳಬೇಡಿ. ಗಾಳಿಯ ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ತನ್ನಿ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ತಂದರೆ ಒಳ್ಳೆಯದು, ಒಂದು ಒಳಗೆ, ಇನ್ನೊಂದು ಮಳೆ ಬೀಳದ ಜಗಲಿಯಲ್ಲೋ ಬಾಲ್ಕನಿಯಲ್ಲೋ.

ಅಗ್ಗದ ಮೀಟರ್ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಅದನ್ನು ಅಡುಗೆ ಉಪ್ಪಿನಿಂದಲೇ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ. ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಬಿಡಿ. ಉಪ್ಪು ಕರಗಿಹೋಗಬಾರದು, ನೀರು ನಿಲ್ಲಬಾರದು. ಮುಚ್ಚಳ ಮತ್ತು ಮೀಟರ್ ಎರಡನ್ನೂ ಜಿಪ್ ಕವರ್‌ನಲ್ಲಿಟ್ಟು ಮುಚ್ಚಿ. ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 79 ತೋರಿಸಿದರೆ ಇನ್ನು ಮುಂದೆ ಓದುವಾಗ 4 ಕಳೆಯಿರಿ.

ಆಮೇಲೆ ಒಂದು ವಾರ ಬೆಳಿಗ್ಗೆ ಎದ್ದ ಕೂಡಲೇ, ಮಧ್ಯಾಹ್ನ ಎರಡಕ್ಕೆ, ಮಲಗುವ ಮುಂಚೆ ಬರೆದಿಡಿ. ಗೋಡೆಯ ಮೇಲ್ಮೈ ಶೇ. 80 ದಾಟಿ ಬಹಳ ದಿನ ಹಾಗೇ ಇದ್ದರೆ ಬೂಷ್ಟು ಬರುತ್ತದೆ. ಹೊರಗೋಡೆಯ ಮೂಲೆಗಳು ಕೋಣೆಗಿಂತ ತಣ್ಣಗಿರುವುದರಿಂದ ಅಲ್ಲಿ ಇನ್ನೂ ಬೇಗ. ಹಾಗಾಗಿ ಕೋಣೆಯ ಮಧ್ಯೆ ಶೇ. 70ರ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯ ಗುರಿ.

ಹಂತ 2: ಆವಿಯೋ, ನೀರೋ?

ಇದನ್ನು ಬಿಟ್ಟು ಮುಂದೆ ಹೋದವರ ದುಡ್ಡು ನೀರಿಗೆ ಬಿದ್ದ ಹಾಗೆಯೇ. ಒಡೆದ ಪೈಪು, ತಾರಸಿಯ ಬಿರುಕು, ಪಾಯದಿಂದ ಮೇಲೇರುವ ಪಸೆ ಇವುಗಳಿಗೆ ಯಾವ ಗಿಲಾವೂ ಮದ್ದಲ್ಲ. ಮಣ್ಣಿನ ಗಿಲಾವಂತೂ ನೀರು ಹರಿದರೆ ಮೆತ್ತಗಾಗಿ ಕೆಳಗೆ ಬೀಳುತ್ತದೆ.

ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಒಂದು ದಿನ ಬಿಟ್ಟು ತೆಗೆಯಿರಿ. ಹಾಳೆಯ ಹಿಂಬದಿ, ಗೋಡೆ ಕಡೆಗೆ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಗೆ ಹನಿ ಕಂಡರೆ ಗಾಳಿಯ ಆವಿ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಿಳಿ ಪುಡಿ, ಅಲ್ಲಿ ಬಣ್ಣ ಉಬ್ಬಿ ಉದುರುವುದು ಕಂಡರೆ ಪಾಯದ ಪಸೆ ಅಂತಲೇ ತಿಳಿಯಿರಿ. ಮೊದಲು ಅದನ್ನು ರಿಪೇರಿ ಮಾಡಿಸಿ.

ಹಂತ 3: ನಿಮ್ಮೂರಿಗೆ ಒಣ ಹೊತ್ತು ಇದೆಯಾ?

ಬೆಂಗಳೂರು, ಮೈಸೂರು ಕಡೆ ಮಳೆಗಾಲದಲ್ಲೂ ಬೆಳಗಿನ ಜಾವ ಏರಿದ ತೇವ ಮಧ್ಯಾಹ್ನದ ಹೊತ್ತಿಗೆ ಸಾಕಷ್ಟು ಇಳಿಯುತ್ತದೆ. ಮಣ್ಣು, ಸುಣ್ಣದ ಗೋಡೆಗೆ ಇದಕ್ಕಿಂತ ಒಳ್ಳೆ ಹವೆ ಸಿಗುವುದು ಕಷ್ಟ. ರಾತ್ರಿ ತೆಗೆದುಕೊಂಡಿದ್ದನ್ನು ಮಧ್ಯಾಹ್ನ ಕಿಟಕಿ ತೆಗೆದಾಗ ಬಿಟ್ಟುಕೊಡುತ್ತದೆ. ವಿಜಯಪುರ, ಕಲಬುರಗಿ ಕಡೆ ವರ್ಷದ ಬಹುಪಾಲು ಗಾಳಿ ಒಣಗಿಯೇ ಇರುತ್ತದೆ. ಅಲ್ಲಿ ಇದು ಅಷ್ಟು ದೊಡ್ಡ ತಲೆನೋವೇ ಅಲ್ಲ.

ಕರಾವಳಿ, ಮಲೆನಾಡಿನ ಕಥೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ಗಾಳಿಗೆ ಒಣ ಹೊತ್ತು ಅನ್ನುವುದೇ ಇಲ್ಲ. ಅಲ್ಲಿ ಗೋಡೆ ಕೆಲವು ದಿನ ತೆಗೆದುಕೊಂಡು ತುಂಬಿಕೊಳ್ಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. "ಮಣ್ಣಿನ ಗೋಡೆ ಮಾಡಿಸಿ, ಥಂಡಿ ಮಾಯ" ಅಂತ ಯಾರಾದರೂ ಮಂಗಳೂರಲ್ಲಿ ಹೇಳಿದರೆ ನಂಬಬೇಡಿ.

ಹಾಗಾದರೆ ಹಳೇ ಮನೆಗಳಲ್ಲಿ ಅಡಿಕೆ, ಕಾಳುಮೆಣಸು, ಹಪ್ಪಳ ಹೇಗೆ ಉಳಿಯುತ್ತಿದ್ದವು? ಒಲೆ! ಬಚ್ಚಲ ಒಲೆ, ಅಡುಗೆ ಒಲೆ ಎರಡೂ ಉರಿಯುತ್ತಿದ್ದವು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತಿತ್ತು. ಹೊಗೆ, ಆವಿ ಎಲ್ಲ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮಣ್ಣಿನ ಗೋಡೆ, ಮರದ ಮುಚ್ಚಿಗೆಗೆ ಒಣ ಹೊತ್ತು ಕೊಡುತ್ತಿದ್ದುದು ಬೆಂಕಿ, ಹವೆಯಲ್ಲ. ಈಗ ಬೆಂಕಿ ಹೋಗಿ ಗ್ಯಾಸ್ ಬಂದಿದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ. 14.2 ಕೆಜಿ ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು! ಮೇಲೆ ಆರ್‌ಸಿಸಿ ತಾರಸಿ, ಹೋಗಲು ಸಂದಿ ಇಲ್ಲ. ಹೀಗಾಗಿ ಆ ಕಡೆಯವರು ಅಡುಗೆಮನೆಗೆ ಹೊರಕ್ಕೆ ಗಾಳಿ ತಳ್ಳುವ ಫ್ಯಾನ್ ಹಾಕಿಸಲೇಬೇಕು. ಮಲಗುವ ಕೋಣೆಗೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರಿ ತೆಗೆಯುವ ಯಂತ್ರ) ಅಥವಾ ಎಸಿಯ ಡ್ರೈ ಮೋಡ್ ಬೇಕು. ಗೋಡೆ ಆಗಲೂ ಕೆಲಸಕ್ಕೆ ಬರುತ್ತದೆ. ಯಂತ್ರ ದಿನಕ್ಕೆ ಕೆಲವು ಗಂಟೆ ಓಡಿದರೆ ಗೋಡೆ ಖಾಲಿಯಾಗುತ್ತದೆ, ಕರೆಂಟ್ ಹೋದಾಗ ಕೋಣೆ ತಟ್ಟನೆ ಒದ್ದೆಯಾಗುವುದಿಲ್ಲ.

ಹಂತ 4: ಈಗಿರುವ ಗೋಡೆ ತೆರೆದಿದೆಯಾ, ಮುಚ್ಚಿದೆಯಾ?

ಬೆರಳಿನಿಂದ ಒಂದು ಹನಿ ನೀರನ್ನು ಗೋಡೆಗೆ ತಾಗಿಸಿ. ಅರ್ಧ ನಿಮಿಷದಲ್ಲಿ ಹೀರಿಕೊಂಡು ಕಪ್ಪಾದರೆ ಮೇಲ್ಮೈ ತೆರೆದಿದೆ. ಹನಿ ಹಾಗೇ ಜಾರಿದರೆ ಬಹುತೇಕ ಮುಚ್ಚಿಹೋಗಿದೆ. ಇದು ಒರಟು ಪರೀಕ್ಷೆ, ಆದರೆ ಸಾಮಾನ್ಯ ಮನೆಗಳಿಗೆ ಸಾಕು. ಆಯಿಲ್ ಪೇಂಟ್, ಹೊಳೆಯುವ ಎಮಲ್ಷನ್, ವಿನೈಲ್ ವಾಲ್‌ಪೇಪರ್, ಟೈಲ್ಸ್ ಎಲ್ಲ ಮುಚ್ಚುವ ಜಾತಿ.

ಬೆಂಗಳೂರಿನಲ್ಲಿ ಇನ್ನೊಂದು ನೋಡುತ್ತೇವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರದ ಕೆಲಸದಿಂದ ಇಲ್ಲಿ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಕೆಗೆ ಬಂತು. ಪ್ಲಾಸ್ಟರ್ ಮಾಡದೆ ಹಾಗೇ ಬಿಟ್ಟ ಗೋಡೆ ನೋಡಲು ಚೆಂದ. ಧೂಳು ಉದುರುತ್ತದೆ ಅಂತ ಅದರ ಮೇಲೆ ಹೊಳಪಿನ ಕ್ಲಿಯರ್ ಕೋಟ್ ಹೊಡೆಸುತ್ತಾರೆ. ಅಲ್ಲಿಗೆ ಮಣ್ಣು ಹೆಸರಿಗೆ ಮಾತ್ರ ಮಣ್ಣು.

ಹಂತ 5: ಯಾವ ಸಾಮಾನು, ಎಲ್ಲಿ?

ದಿನದ ಏರಿಳಿತಕ್ಕೆ ಗೋಡೆಯ ಮೇಲಿನ ಒಂದು ಸೆಂಟಿಮೀಟರ್ ಆಸುಪಾಸಿನ ಪದರವೇ ಹೆಚ್ಚು ದುಡಿಯುವುದು. ಎರಡು ಅಡಿ ದಪ್ಪದ ಮಣ್ಣಿನ ಗೋಡೆ ಬೇಕಾಗಿಲ್ಲ. ಇರುವ ಇಟ್ಟಿಗೆ ಗೋಡೆಗೆ ಒಳ್ಳೆಯ ಗಿಲಾವು ಸಾಕು. ದಪ್ಪ ಹೆಚ್ಚಿಸುವುದಕ್ಕಿಂತ ಹೆಚ್ಚು ಚದರಡಿ ತೆರೆದಿಡುವುದೇ ಲಾಭ.

ನನ್ನ ಆಯ್ಕೆ ಹೀಗೆ. ಮಲಗುವ ಕೋಣೆ, ಪುಸ್ತಕದ ಕೋಣೆಗೆ ಮಣ್ಣು. ನಡುಮನೆ, ಓಡಾಡುವ ಜಾಗಕ್ಕೆ ಸುಣ್ಣದ ಗಾರೆ. ಅದು ಮಣ್ಣಿಗಿಂತ ಕಡಿಮೆ ತೇವ ಹಿಡಿಯುತ್ತದೆ, ಆದರೆ ಗಟ್ಟಿ. ಹೊಸ ಸುಣ್ಣ ತೀರಾ ಕ್ಷಾರವಾಗಿರುವುದರಿಂದ ಬೂಷ್ಟೂ ಹತ್ತಿರ ಸುಳಿಯುವುದಿಲ್ಲ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಸೇರುತ್ತಾ ಹೋದ ಹಾಗೆ ಆ ಗುಣ ಕಡಿಮೆಯಾಗುತ್ತದೆ, ಅದಕ್ಕೇ ಮತ್ತೆ ಮತ್ತೆ ಸುಣ್ಣ ಬಳಿಯುವುದು. ಮರದ ಮುಚ್ಚಿಗೆಯೂ ಒಳ್ಳೆಯದೇ, ವಾರ್ನಿಶ್ ಬಳಿಯದಿದ್ದರೆ.

ಹಂತ 6: ಮಣ್ಣಿನ ಗಿಲಾವು ಮಾಡುವುದು

ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಮಳೆಯಲ್ಲಿ ಹಚ್ಚಿದರೆ ಗಿಲಾವು ಒಣಗುವುದಿಲ್ಲ, ಒಳಗಿನ ಹುಲ್ಲಿಗೇ ಬೂಷ್ಟು ಹಿಡಿಯುತ್ತದೆ.

ಮೇಲ್ಮಣ್ಣು ಬೇಡ. ಬೇರು, ಗೊಬ್ಬರ ಇಲ್ಲದ, ಎರಡು ಮೂರು ಅಡಿ ಕೆಳಗಿನ ಕೆಮ್ಮಣ್ಣು ತೆಗೆಸಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ. ಒಂದು ದಿನ ಬಿಡಿ. ತಳದಲ್ಲಿ ಮರಳು, ನಡುವೆ ನುಣುಪು ಪುಡಿ, ಮೇಲೆ ಜಿಗಟು ಹೀಗೆ ಪದರ ಬೀಳುತ್ತದೆ. ತೇವ ಹಿಡಿಯುವುದು ಆ ಮೇಲಿನ ಜಿಗಟೇ. ಅದು ತೆಳ್ಳಗಿದ್ದರೆ ಆ ಮಣ್ಣು ಬಿಡಿ.

ಉತ್ತರ ಕರ್ನಾಟಕದ ಎರೆಮಣ್ಣಿನ ಜಿಗಟು ಕೆಮ್ಮಣ್ಣಿಗಿಂತ ಬಹಳ ಜಾಸ್ತಿ ತೇವ ಹಿಡಿಯುತ್ತದೆ. ಆದರೆ ಒಣಗುವಾಗ ಬೇಸಿಗೆಯ ಹೊಲದ ಹಾಗೆಯೇ ಸೀಳುತ್ತದೆ. ಬರೀ ಎರೆ ಹಚ್ಚಬೇಡಿ. ಕೆಮ್ಮಣ್ಣಿಗೆ ಸ್ವಲ್ಪ ಎರೆ ಸೇರಿಸಿ, ಸಣ್ಣ ಜಾಗದಲ್ಲಿ ಹಚ್ಚಿ ನೋಡಿ.

ಜರಡಿ ಹಿಡಿದ ಮಣ್ಣು ಒಂದು ಬುಟ್ಟಿಗೆ ಮರಳು ಎರಡು ಬುಟ್ಟಿಯಿಂದ ಶುರುಮಾಡಿ. ಅರ್ಧ ಬುಟ್ಟಿ ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಅಥವಾ ಹೊಟ್ಟು ಸೇರಿಸಿ. ನೀರು ಹಾಕಿ ತುಳಿದು ಎರಡು ಮೂರು ದಿನ ಮುಚ್ಚಿಡಿ. ಸೆಗಣಿ ಸೇರಿಸಿದರೆ ಹಿಡಿತ ಹೆಚ್ಚು, ಬಿರುಕು ಕಡಿಮೆ. ಒಣಗಿದ ಮೇಲೆ ವಾಸನೆಯೂ ಇರುವುದಿಲ್ಲ.

ಗೋಡೆಗೆ ಹಚ್ಚುವ ಮೊದಲು ಒಂದೊಂದು ಅಡಿ ಚೌಕದ ಮೂರು ಮಾದರಿ ಹಚ್ಚಿ. ಒಂದಕ್ಕೆ ಎರಡು ಪಾಲು ಮರಳು, ಇನ್ನೊಂದಕ್ಕೆ ಎರಡೂವರೆ, ಮತ್ತೊಂದಕ್ಕೆ ಮೂರು. ಪೂರ್ತಿ ಒಣಗಿದ ಮೇಲೆ ನೋಡಿ. ಬಿರುಕು ಬಿಟ್ಟರೆ ಮರಳು ಸಾಲದು. ಕೈಯಿಂದ ಸವರಿದಾಗ ಮರಳು ಉದುರಿದರೆ ಜಿಗಟು ಸಾಲದು. ಬಿರುಕಿಲ್ಲದ ಮಾದರಿಗಳಲ್ಲಿ ಮರಳು ಅತಿ ಕಡಿಮೆ ಇರುವುದನ್ನೇ ಆರಿಸಿ, ಅದರಲ್ಲೇ ಜಿಗಟು ಜಾಸ್ತಿ.

ಇಟ್ಟಿಗೆ, ಮುರಕಲ್ಲು, ಮಣ್ಣಿನ ಗೋಡೆಗೆ ನೀರು ಚಿಮುಕಿಸಿ ನೇರವಾಗಿ ಹಚ್ಚಬಹುದು. ಪೇಂಟ್ ಬಳಿದ ಸಿಮೆಂಟ್ ಗೋಡೆಗೆ ಹಾಗೆ ಹಚ್ಚಿದರೆ ಹಾಳೆ ಹಾಳೆಯಾಗಿ ಬಿದ್ದುಹೋಗುತ್ತದೆ. ಪೇಂಟ್, ಪುಟ್ಟಿ ಎಲ್ಲ ಕೆರೆದು ತೆಗೆಸಿ, ಉಳಿಯಿಂದ ಒತ್ತೊತ್ತಾಗಿ ಕಚ್ಚು ಹಾಕಿಸಿ. ಜಿಗಟು ಮಣ್ಣು, ಮರಳು, ಸೆಗಣಿಯ ನೀರಾದ ಮಿಶ್ರಣ ಬಳಿದು, ಅದು ಪೂರ್ತಿ ಒಣಗುವ ಮುಂಚೆ ಮೊದಲ ಪದರ ಹಚ್ಚಿ. ದಪ್ಪ ಎಂಟರಿಂದ ಹತ್ತು ಮಿಲಿಮೀಟರ್. ಅದು ಒಣಗಿದ ಮೇಲೆ ನುಣುಪು ಮಣ್ಣು ಮತ್ತು ಜರಡಿ ಮರಳಿನ ಮೂರು ಮಿಲಿಮೀಟರ್ ಪದರ. ಕರಣೆಯಲ್ಲಿ ಉಜ್ಜಿ, ಆದರೆ ಕನ್ನಡಿಯಂತೆ ಹೊಳೆಯುವಷ್ಟು ಬೇಡ.

ಇಲ್ಲಿ ಮೇಸ್ತ್ರಿ ಜೊತೆ ಒಂದು ಜಗಳ ಖಾತ್ರಿ. "ಸ್ವಲ್ಪ ಸಿಮೆಂಟ್ ಸೇರಿಸೋಣ, ಗಟ್ಟಿ ಇರುತ್ತೆ" ಅನ್ನುತ್ತಾರೆ. ಒಪ್ಪಬೇಡಿ. ಸಿಮೆಂಟ್ ಸೇರಿದಷ್ಟೂ ಜಿಗಟಿನ ಹೀರುವ ಗುಣ ಕಡಿಮೆಯಾಗುತ್ತದೆ.

ಹಂತ 7: ಮೇಲೆ ಬಳಿಯುವುದು

ಗಿಲಾವು ಎಷ್ಟೇ ಚೆನ್ನಾಗಿರಲಿ, ಕೊನೆಯ ಬಣ್ಣ ಅದನ್ನು ಕೆಡಿಸಬಹುದು. ಪ್ರೈಮರ್, ಪುಟ್ಟಿ, ಎಮಲ್ಷನ್ ಮೂರೂ ಬೇಡ. ಮಣ್ಣನ್ನು ಹಾಗೇ ಬಿಡಿ, ಇಲ್ಲವೇ ಸುಣ್ಣ ಬಳಿಯಿರಿ.

ಸುಟ್ಟ ಸುಣ್ಣವನ್ನು ಕಬ್ಬಿಣದ ಡ್ರಮ್‌ನಲ್ಲಿ ಅರಳಿಸಿ. ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪ ಸುಣ್ಣ. ಉಲ್ಟಾ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ಬರೀ ನೀರಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅರಳಿದ ಸುಣ್ಣವನ್ನು ಕೆಲವು ದಿನ ನೀರಲ್ಲೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತನ್ನಿ. ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಮೂರು ಕೈ ಬಳಿಯಿರಿ. ಚಿಟಿಕೆ ನೀಲಿ ಸೇರಿಸಿದರೆ ಬೆಳ್ಳಗೆ ಕಾಣುತ್ತದೆ. ಕೈಗೆ ಅಂಟಬಾರದು ಅಂತ ಕೆಲವರು ಪ್ಲಾಸ್ಟಿಕ್ ಅಂಟು ಡಬ್ಬಿಗಟ್ಟಲೆ ಸುರಿಯುತ್ತಾರೆ. ಆಗ ಅದೂ ಒಂದು ಪೇಂಟೇ.

ಹಂತ 8: ಎಲ್ಲಿ ಬೇಡ

ಬಚ್ಚಲಲ್ಲಿ ನೀರು ಎರಚುವ ಎತ್ತರದವರೆಗೆ ಟೈಲ್ಸೇ ಇರಲಿ. ಸಿಂಕ್, ಒಲೆ ಹಿಂದೆಯೂ ಅಷ್ಟೇ. ಅದರ ಮೇಲಿನ ಗೋಡೆಗೆ ಸುಣ್ಣ ಒಪ್ಪುತ್ತದೆ.

ಕರಾವಳಿಯ ಎಸಿ ಕೋಣೆಗೆ ವಿನೈಲ್ ವಾಲ್‌ಪೇಪರ್ ಅಂಟಿಸಲೇಬೇಡಿ. ಹೊರಗೆ ಬಿಸಿ, ಒದ್ದೆ. ಒಳಗೆ ತಂಪು, ಒಣ. ಆವಿ ಗೋಡೆಯ ಮೂಲಕ ಒಳಮುಖವಾಗಿ ಬಂದು ಆ ತಣ್ಣನೆ ಹಾಳೆಯ ಹಿಂದೆ ಸಿಕ್ಕಿಬೀಳುತ್ತದೆ. ಹಾಳೆ ಕಿತ್ತು ನೋಡುವವರೆಗೂ ಹಿಂದೆ ಬೂಷ್ಟು ಬೆಳೆದದ್ದು ಗೊತ್ತಾಗುವುದಿಲ್ಲ.

ಬಾಡಿಗೆ ಮನೆಯವರು ಏನು ಮಾಡಬೇಕು?

ಓನರ್ ಗೋಡೆ ಮುಟ್ಟಲು ಬಿಡುವುದಿಲ್ಲ, ಸರಿ. ಪುಸ್ತಕ, ಹತ್ತಿ ಹಾಸಿಗೆ, ದಪ್ಪ ಹತ್ತಿ ಪರದೆ, ವಾರ್ನಿಶ್ ಇಲ್ಲದ ಮರದ ಕಪಾಟು ಇವೂ ಗೋಡೆಯ ಕೆಲಸವನ್ನೇ ಮಾಡುತ್ತವೆ. ಆದರೆ ಅವಕ್ಕೂ ಒಣ ಹೊತ್ತು ಬೇಕು. ಬಿಸಿಲು ಬಂದ ದಿನ ಹಾಸಿಗೆ ಹೊರಗೆ ಹಾಕಿ, ಕಪಾಟಿನ ಬಾಗಿಲು ತೆರೆದಿಡಿ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಎಳೆಯಿರಿ, ಆಗುವುದಾದರೆ ಒಳಗಿನ ಗೋಡೆಗೆ ಒರಗಿಸಿ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಒಂದು ಸಲದ ಬಟ್ಟೆಯಿಂದಲೇ ಎರಡು ಲೀಟರ್ ಹತ್ತಿರ ನೀರು ಗಾಳಿಗೆ ಸೇರುತ್ತದೆ. ಬಟ್ಟೆಗೆ ಬೇರೆ ಕೋಣೆ ಇಟ್ಟು, ಬಾಗಿಲು ಹಾಕಿ, ಕಿಟಕಿ ತೆಗೆದು ಫ್ಯಾನ್ ಹಾಕಿ. ಮೀಟರ್ ಹಾಸಿಗೆ ಪಕ್ಕದಲ್ಲೇ ಇರಲಿ. ಮಧ್ಯಾಹ್ನವೂ ಶೇ. 75ರಿಂದ ಕೆಳಗೆ ಇಳಿಯದೆ ವಾರ ಕಳೆದರೆ ಡಿಹ್ಯುಮಿಡಿಫೈಯರ್ ತರುವ ಹೊತ್ತು ಬಂದಿದೆ ಅಂತ ಅರ್ಥ.